ಪಾವು ಎಂದರೆ ಎಷ್ಟು ಗ್ರಾಂ? – ಅಡುಗೆಮನೆಯ ಅಳತೆ ಮತ್ತು ತೂಕ

ರಾಜಧಾನಿಯಲ್ಲಿ ನೆಲೆಸಿರುವ ಕನ್ನಡಿಗರ ಅನೇಕ ಮನೆಗಳಲ್ಲಿ ಊರಿನಿಂದ ಬಂದ ಒಂದು ಸೇರೋ ಪಾವೋ ಇಂದಿಗೂ ಇದೆ. ಮದುವೆಯಾದ ಹೊಸತರಲ್ಲಿ ಹೊಸಿಲಿನ ಮೇಲೆ ಅಕ್ಕಿ ತುಂಬಿಟ್ಟು ಸೊಸೆ ಒದ್ದು ಒಳಬಂದ ಸೇರು ಅದಾಗಿರಬಹುದು. ಅಕ್ಕಿಯ ಡಬ್ಬಿಯೊಳಗೇ ವರ್ಷಗಟ್ಟಲೆ ಮಲಗಿರುವ ಹಿತ್ತಾಳೆಯ ಪಾವಾಗಿರಬಹುದು. ಅದರ ಜೊತೆಗೆ ತಾಯಿಯೋ ಅತ್ತೆಯೋ ಬರೆದಿಟ್ಟ ಅಡುಗೆಯ ಟಿಪ್ಪಣಿ ಪುಸ್ತಕವೂ ಇರುತ್ತದೆ. ಆ ಪುಸ್ತಕಗಳ ಲೆಕ್ಕವೆಲ್ಲ ಸೇರು, ಪಾವು, ಅರೆಪಾವು, ಚಟಾಕುಗಳಲ್ಲಿದೆ. ಅಂಗಡಿಯಲ್ಲಿ ಸಿಗುವುದಾದರೋ ಕಿಲೋ ಮತ್ತು ಗ್ರಾಂ. ಮೊದಲನೆಯದು ಪಾತ್ರೆಯೊಳಗಿನ ಸ್ಥಳವನ್ನು ಹೇಳುತ್ತದೆ, ಎರಡನೆಯದು ಪದಾರ್ಥದ ಭಾರವನ್ನು ಹೇಳುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಒಂದೇ ಸಂಖ್ಯೆ ಸಾಲದು, ಪದಾರ್ಥಕ್ಕೊಂದು ಸಂಖ್ಯೆ ಬೇಕು ಎಂಬುದನ್ನು ವಿವರಿಸಿ, ಆ ಸಂಖ್ಯೆಗಳನ್ನು ಒಂದೆಡೆ ಕೊಡುವುದು ಈ ಲೇಖನದ ಉದ್ದೇಶ.

ದೆಹಲಿಗೆ ಬಂದ ಮೊದಲ ವರ್ಷದ ದೀಪಾವಳಿಗೆ ನಾನು ತಾಯಿಯ ಪುಸ್ತಕ ನೋಡಿ ಮೈಸೂರುಪಾಕು ಮಾಡಲು ಹೊರಟೆ. ಅದರಲ್ಲಿ ಇದ್ದುದು ಒಂದೇ ಸಾಲು: ಕಡಲೆಹಿಟ್ಟು ಒಂದು ಪಾವು, ಸಕ್ಕರೆ ಎರಡು ಪಾವು, ತುಪ್ಪ ಎರಡು ಪಾವು. ಇಲ್ಲಿನ ಅಂಗಡಿಯಲ್ಲಿ ‘ಏಕ್ ಪಾವ್’ ಎಂದರೆ 250 ಗ್ರಾಂ ಕೊಡುತ್ತಾರೆ. ಪದವೂ ಒಂದೇ, ಪುಸ್ತಕದಲ್ಲಿ ಇರುವುದೂ ಅದೇ ಎಂದು ನಂಬಿ 250 ಗ್ರಾಂ ಹಿಟ್ಟು, ಅರ್ಧ ಕಿಲೋ ಸಕ್ಕರೆ, ಅರ್ಧ ಕಿಲೋ ತುಪ್ಪ ತಂದೆ. ಬಾಣಲೆಯಲ್ಲಿ ಕೊನೆಗೆ ಉಳಿದದ್ದು ಹಸಿ ಹಿಟ್ಟಿನ ವಾಸನೆಯ ಒಣ ಪುಡಿ. ಊರಿಗೆ ಫೋನ್ ಮಾಡಿದಾಗ ತಾಯಿ ನಕ್ಕು, “ಪಾವು ಅಂದ್ರೆ ಅಳತೆ ಕಣೇ, ತೂಕ ಅಲ್ಲ” ಎಂದರು. ಅಳತೆಯ ಪಾವಿನಲ್ಲಿ ಕಡಲೆಹಿಟ್ಟು ಹಿಡಿಯುವುದು ಸುಮಾರು 115 ಗ್ರಾಂ ಮಾತ್ರ. ಎರಡು ಪಾವು ಸಕ್ಕರೆ ಸುಮಾರು 420 ಗ್ರಾಂ. ಎಂದರೆ ಹಿಟ್ಟಿನ ತೂಕದ ಮೂರೂವರೆ ಪಟ್ಟಿಗೂ ಹೆಚ್ಚು ಸಕ್ಕರೆ ಬೇಕಿದ್ದಲ್ಲಿ ನಾನು ಹಾಕಿದ್ದು ಎರಡೇ ಪಟ್ಟು. ತುಪ್ಪ ನಾಲ್ಕು ಪಟ್ಟು ಬೇಕಿದ್ದಲ್ಲಿ ಅದೂ ಎರಡೇ ಪಟ್ಟು. ಪಾಕ ಕೂಡಿಬರುವ ಸಾಧ್ಯತೆಯೇ ಇರಲಿಲ್ಲ.

ಒಂದೇ ಹೆಸರು, ಮೂರು ಸೇರು

ಈ ಗೊಂದಲ ನನ್ನೊಬ್ಬಳದಲ್ಲ, ಅದಕ್ಕೆ ಇತಿಹಾಸವಿದೆ. ಉತ್ತರ ಭಾರತದ ಸೇರು ಮೂಲತಃ ತೂಕ. ಬ್ರಿಟಿಷರ ಆಳ್ವಿಕೆಯಲ್ಲಿ ನಿಗದಿಯಾದ ತೊಲ 11.66 ಗ್ರಾಂ. ಅಂಥ 80 ತೊಲಕ್ಕೆ ಒಂದು ಸೇರು, ಅಂದರೆ 933 ಗ್ರಾಂ. ಅದರ ಕಾಲು ಭಾಗ ಪಾವ್, 233 ಗ್ರಾಂ. ಹದಿನಾರನೆಯ ಒಂದು ಭಾಗ ಛಟಾಂಕ್, 58 ಗ್ರಾಂ. 40 ಸೇರಿಗೆ ಒಂದು ಮಣ, 37.3 ಕಿಲೋ. 1956ರ ತೂಕ ಮತ್ತು ಅಳತೆಗಳ ಕಾನೂನಿನಂತೆ 1958ರ ಅಕ್ಟೋಬರ್ 1ರಿಂದ ದೇಶದಲ್ಲಿ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬಂದ ಮೇಲೆ ಸೇರು ಮರೆಯಾಯಿತು. ‘ಪಾವ್’ ಮಾತ್ರ ಕಾಲು ಕಿಲೋ ಎಂಬ ಹೊಸ ಅರ್ಥ ಹೊತ್ತು ಉಳಿದುಕೊಂಡಿತು. ಇಂದಿಗೂ ಇಲ್ಲಿನ ತರಕಾರಿ ಗಾಡಿಯ ಬಳಿ ‘ಆಧಾ ಪಾವ್’ ಹಸಿಮೆಣಸಿನಕಾಯಿ ಎಂದರೆ 125 ಗ್ರಾಂ ಬರುತ್ತದೆ.

ಹಳೆಯ ಮೈಸೂರು ಸೀಮೆಯಲ್ಲಿ ಸೇರು ಎರಡು ಬಗೆಯದಾಗಿತ್ತು. ತೂಕದ ಕಚ್ಚಾ ಸೇರು 24 ತೊಲದ್ದು, ಸುಮಾರು 280 ಗ್ರಾಂ. ಐದು ಕಚ್ಚಾ ಸೇರಿಗೆ ಒಂದು ವೀಸೆ, ಸುಮಾರು 1.4 ಕಿಲೋ, ಎಂಟು ವೀಸೆಗೆ ಒಂದು ಮಣ, ಸುಮಾರು 11.2 ಕಿಲೋ. ಮಣವೆಂಬ ಒಂದೇ ಪದ ಮೈಸೂರಿನಿಂದ ದೆಹಲಿಗೆ ಬರುವಷ್ಟರಲ್ಲಿ ಮೂರು ಪಟ್ಟಿಗೂ ಮಿಕ್ಕಿ ಭಾರವಾಗುತ್ತದೆ! ಎರಡನೆಯದು ಧಾನ್ಯ ಅಳೆಯುವ ಪಾತ್ರೆಯ ಸೇರು. ನಾಲ್ಕು ಪಾವಿಗೆ ಒಂದು ಸೇರು, ಪಾವಿನ ಅರ್ಧ ಅರೆಪಾವು, ಕಾಲು ಭಾಗ ಚಟಾಕು. ಸೇರಿನ ಮೇಲೆ ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಖಂಡುಗ, ಕೊಳಗ, ಮಾನ, ಸೊಲ್ಲಿಗೆಗಳು ಕನ್ನಡ ಶಾಸನಗಳಲ್ಲಿಯೇ ಸಿಗುವ ಹಳೆಯ ಅಳತೆಗಳು. ಕರಾವಳಿಯಲ್ಲಿ ಅಕ್ಕಿ ಮುಡಿಯ ಲೆಕ್ಕ, ಧಾರವಾಡದ ಕಡೆ ಪಾವಶೇರು, ಅಚ್ಛೇರು. ಊರಿಂದ ಊರಿಗೆ ಪಾತ್ರೆಯ ಗಾತ್ರವೂ ಬದಲಾಗುತ್ತಿತ್ತು.

ಹಾಗಾದರೆ ಪುಸ್ತಕದಲ್ಲಿ ‘ಸೇರು’ ಎಂದು ಕಂಡಾಗ ಯಾವುದೆಂದು ತಿಳಿಯುವುದು ಹೇಗೆ? ಪದಾರ್ಥವೇ ಉತ್ತರ ಹೇಳುತ್ತದೆ. ಅಕ್ಕಿ, ಬೇಳೆ, ರವೆ, ಹಿಟ್ಟು, ಎಣ್ಣೆ, ಹಾಲು ಇವು ಅಳತೆಯವು. ಒಣಮೆಣಸಿನಕಾಯಿ, ಹುಣಸೆಹಣ್ಣು, ಅಚ್ಚುಬೆಲ್ಲ, ತರಕಾರಿ ಇವನ್ನು ಪಾತ್ರೆಯಲ್ಲಿ ಅಳೆಯಲಾಗದು. ಅಲ್ಲಿ ಬರುವ ಸೇರು ತೂಕದ ಸೇರು. ಹಳೆಯ ಮೈಸೂರಿನ ಸಾರಿನ ಪುಡಿಯ ಟಿಪ್ಪಣಿಯಲ್ಲಿ ‘ಒಂದು ಸೇರು ಮೆಣಸಿನಕಾಯಿ, ಒಂದು ಸೇರು ಕೊತ್ತಂಬರಿ’ ಎಂದಿದ್ದರೆ ಮೊದಲನೆಯದು 280 ಗ್ರಾಂ, ಎರಡನೆಯದು ಪಾತ್ರೆಯ ಅಳತೆಯಾಗಿರುವುದು ಸಾಧ್ಯ. ಒಂದೇ ಸಾಲಿನಲ್ಲಿ ಎರಡು ಸೇರು. ಮೆಣಸಿನಕಾಯಿಯನ್ನು ಒಂದು ಕಿಲೋ ಎಂದು ತಿಳಿದರೆ ಆ ಪುಡಿಯ ಸಾರನ್ನು ಉಣ್ಣುವವರ ಪಾಡು ಹೇಳತೀರದು. ಏಲಕ್ಕಿ, ಕೇಸರಿಗಳ ಮುಂದೆ ಬರುವ ತೊಲ ಮಾತ್ರ ಎಲ್ಲೆಡೆಯೂ ತೂಕವೇ.

ಕೌಟಿಲ್ಯನ ದ್ರೋಣ

ಕರ್ನಾಟಕ ಭವನವಿರುವ ಚಾಣಕ್ಯಪುರಿಯ ರಸ್ತೆಯ ಹೆಸರು ಕೌಟಿಲ್ಯ ಮಾರ್ಗ. ಅಳತೆಯಿಂದ ತೂಕಕ್ಕೆ ಹೋಗುವ ವಿಚಾರದಲ್ಲಿ ಈ ಹೆಸರು ಬಹಳ ಒಪ್ಪುತ್ತದೆ. ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ತೂಕ ಮತ್ತು ಅಳತೆಗಳಿಗೆಂದೇ ಒಂದು ಅಧ್ಯಾಯವಿದೆ. ಐದು ಗುಲಗಂಜಿಗೆ ಒಂದು ಮಾಷಕ, ಹದಿನಾರು ಮಾಷಕಕ್ಕೆ ಒಂದು ಕರ್ಷ, ನಾಲ್ಕು ಕರ್ಷಕ್ಕೆ ಒಂದು ಪಲ. ಇದು ತೂಕದ ಮೆಟ್ಟಿಲು. ನಾಲ್ಕು ಕುಡುಂಬಕ್ಕೆ ಒಂದು ಪ್ರಸ್ಥ, ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ. ಇದು ಅಳತೆಯ ಮೆಟ್ಟಿಲು. ಇವೆರಡನ್ನೂ ಕೌಟಿಲ್ಯ ಜೋಡಿಸಿರುವ ಬಗೆ ಗಮನಾರ್ಹ. ದ್ರೋಣವೆಂದರೆ 200 ಪಲ ತೂಕದ ಉದ್ದಿನ ಕಾಳು ಹಿಡಿಯುವ ಪಾತ್ರೆ. ಬರಿಯ ತೂಕವನ್ನು ಹೇಳದೆ, ಯಾವ ಧಾನ್ಯದ ತೂಕವೆಂಬುದನ್ನೂ ಆತ ಹೇಳಿದ್ದಾನೆ. ಆ ಒಂದು ಪದವಿಲ್ಲದಿದ್ದರೆ ಆ ಸಂಖ್ಯೆಗೆ ಅರ್ಥವೇ ಇರುತ್ತಿರಲಿಲ್ಲ.

ಇನ್ನೂ ಒಂದು ಸ್ವಾರಸ್ಯವಿದೆ. 200 ಪಲದ ದ್ರೋಣ ಅರಮನೆಯ ಬೊಕ್ಕಸಕ್ಕೆ ಬರುವ ಆದಾಯವನ್ನು ಅಳೆಯಲು ಮಾತ್ರ. ವ್ಯಾಪಾರದ ದ್ರೋಣ 187½ ಪಲ, ಆಳುಕಾಳುಗಳಿಗೆ ಕೊಡುವುದು 175 ಪಲ, ಅಂತಃಪುರದವರಿಗೆ ಕೊಡುವುದು 162½ ಪಲ. ಪ್ರತಿ ಮೆಟ್ಟಿಲಿಗೂ 12½ ಪಲ, ಎಂದರೆ ಸರಿಯಾಗಿ ಒಂದು ಪ್ರಸ್ಥ ಕಡಿಮೆ. ತೆಗೆದುಕೊಳ್ಳುವಾಗ ದೊಡ್ಡ ಪಾತ್ರೆ, ಕೊಡುವಾಗ ಚಿಕ್ಕ ಪಾತ್ರೆ ಎಂಬ ಪದ್ಧತಿಗೆ ಎಷ್ಟು ವಯಸ್ಸಾಗಿದೆ ನೋಡಿ! ಪಾತ್ರೆಯ ಮೇಲೆ ಗೋಪುರವಾಗಿ ನಿಲ್ಲುವ ರಾಶಿಯನ್ನೂ ಆತ ಮರೆತಿಲ್ಲ. ಆ ಶಿಖೆ ಅಳತೆಯ ಕಾಲು ಭಾಗವಾಗುವಂತೆ, ಇಲ್ಲವೇ ಅದೂ ಪಾತ್ರೆಯೊಳಗೇ ಅಡಗುವಂತೆ ಒಣಗಿದ ಗಟ್ಟಿ ಮರದಿಂದ ಅಳತೆಯನ್ನು ಮಾಡಿಸಬೇಕೆನ್ನುತ್ತಾನೆ. ಒಬ್ಬ ಗೃಹಸ್ಥನ ಊಟಕ್ಕೆ ಒಂದು ಪ್ರಸ್ಥ ಅಕ್ಕಿ, ಅದರ ಕಾಲು ಭಾಗ ತೊವ್ವೆ, ತೊವ್ವೆಯ ಹದಿನಾರನೆಯ ಒಂದು ಭಾಗ ಉಪ್ಪು, ಕಾಲು ಭಾಗ ತುಪ್ಪ ಅಥವಾ ಎಣ್ಣೆ ಎಂಬ ಲೆಕ್ಕವೂ ಅದೇ ಗ್ರಂಥದಲ್ಲಿದೆ. ಶತಮಾನಗಳ ಕಾಲ ಮರೆಯಾಗಿದ್ದ ಈ ಗ್ರಂಥದ ಹಸ್ತಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿ, 1915ರಲ್ಲಿ ಇಂಗ್ಲಿಷಿಗೆ ತಂದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಎಂಬುದು ದೆಹಲಿಯ ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಮೊದಲು ನಿಮ್ಮ ಪಾವನ್ನು ಅಳೆಯಿರಿ

ಹಳೆಯ ಪಾವುಗಳೆಲ್ಲ ಒಂದೇ ಗಾತ್ರದವಲ್ಲವಾದ್ದರಿಂದ ಯಾವುದೇ ಪಟ್ಟಿಯನ್ನು ಬಳಸುವ ಮೊದಲು ಮನೆಯ ಪಾವು ಎಷ್ಟು ಹಿಡಿಯುತ್ತದೆ ಎಂಬುದನ್ನು ತಿಳಿಯಬೇಕು. ವಿದ್ಯುನ್ಮಾನ ತಕ್ಕಡಿ ಇದ್ದರೆ ಖಾಲಿ ಪಾವನ್ನಿಟ್ಟು ಸೊನ್ನೆಗೆ ತಂದು, ಅಂಚಿನವರೆಗೆ ನೀರು ತುಂಬಿ ತೂಗಿರಿ. ಒಂದು ಗ್ರಾಂ ನೀರು ಒಂದು ಮಿಲಿಲೀಟರ್. ತಕ್ಕಡಿಯ ಅಂಕಿಯೇ ಪಾವಿನ ಗಾತ್ರ. ತಕ್ಕಡಿ ಇಲ್ಲದವರು ಅರ್ಧ ಲೀಟರ್ ಹಾಲಿನ ಪೊಟ್ಟಣವನ್ನು, ಅದು ಮದರ್ ಡೈರಿಯದಾಗಲಿ, 2024ರ ನವೆಂಬರ್‌ನಲ್ಲಿ ದೆಹಲಿಗೂ ಬಂದ ನಮ್ಮ ನಂದಿನಿಯದಾಗಲಿ, ಪಾವಿಗೆ ಸುರಿದು ನೋಡಬಹುದು. ಸರಿಯಾಗಿ ಎರಡು ಪಾವು ತುಂಬಿದರೆ ಪಾವು 250 ಮಿ.ಲೀ.; ಎರಡನೆಯ ಪಾವು ತುಂಬದೆ ಉಳಿದರೆ ಅದಕ್ಕಿಂತ ದೊಡ್ಡದು. ನಮ್ಮ ಮನೆಯ ಹಿತ್ತಾಳೆಯ ಪಾವು 268 ಮಿ.ಲೀ. ಹಿಡಿಯುತ್ತದೆ. ಆದ್ದರಿಂದ ಕೆಳಗಿನ ಅಂಕಿಗಳನ್ನು ನಾನು 268ರಿಂದ ಗುಣಿಸಿ 250ರಿಂದ ಭಾಗಿಸುತ್ತೇನೆ. ಅಕ್ಕಿ 205 ಗ್ರಾಂ ಇದ್ದದ್ದು 220 ಆಗುತ್ತದೆ.

ಎರಡನೆಯದು ತುಂಬುವ ಬಗೆ. ಕೆಲವರು ಕೈಯಿಂದ ಅಂಚಿಗೆ ಸಮನಾಗಿ ಗೀಸುತ್ತಾರೆ, ಕೆಲವರು ಗೋಪುರ ನಿಲ್ಲಿಸುತ್ತಾರೆ. ಎತ್ತರವೂ ಬಾಯಿಯ ಅಗಲವೂ ಸಮನಾಗಿರುವ ಪಾವಿನಲ್ಲಿ ಅಕ್ಕಿಯ ಗೋಪುರ ಹತ್ತನೆಯ ಒಂದು ಭಾಗದಷ್ಟು ಹೆಚ್ಚಿಸುತ್ತದೆ. ಎತ್ತರಕ್ಕಿಂತ ಬಾಯಿ ಎರಡು ಪಟ್ಟು ಅಗಲವಾಗಿದ್ದರೆ ಸುಮಾರು ಐದನೆಯ ಒಂದು ಭಾಗ. ನಮ್ಮ ಹಿರಿಯರಲ್ಲಿ ಹಲವರು ಅಕ್ಕಿಗೆ ಗೋಪುರ, ಹಿಟ್ಟಿಗೆ ಸಮ ಎಂಬ ಅಭ್ಯಾಸದವರು. ಬರೆಯುವಾಗ ಅದನ್ನು ಬರೆಯಲಿಲ್ಲ. ಅವರು ಇನ್ನೂ ನಮ್ಮೊಡನಿದ್ದರೆ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

250 ಮಿ.ಲೀ. ಪಾವಿನಲ್ಲಿ ಹಿಡಿಯುವ ತೂಕ

ಅಂಚಿಗೆ ಸಮನಾಗಿ ತುಂಬಿದಾಗ ಸುಮಾರು ಇಷ್ಟು ಹಿಡಿಯುತ್ತದೆ:

ಅಕ್ಕಿ – 200ರಿಂದ 210 ಗ್ರಾಂ
ತೊಗರಿಬೇಳೆ, ಉದ್ದಿನಬೇಳೆ – 200ರಿಂದ 215 ಗ್ರಾಂ
ಸಕ್ಕರೆ – 210 ಗ್ರಾಂ
ರವೆ – 175 ಗ್ರಾಂ (ಇಡ್ಲಿ ರವೆಯೂ ಹೆಚ್ಚುಕಡಿಮೆ ಇಷ್ಟೇ)
ಅಕ್ಕಿಹಿಟ್ಟು – 150ರಿಂದ 160 ಗ್ರಾಂ
ಗೋಧಿಹಿಟ್ಟು, ಮೈದಾ – 125ರಿಂದ 130 ಗ್ರಾಂ
ಕಡಲೆಹಿಟ್ಟು – ಜರಡಿ ಹಿಡಿದದ್ದು 100 ಗ್ರಾಂ, ಹಾಗೆಯೇ ತುಂಬಿದ್ದು 115ರಿಂದ 125 ಗ್ರಾಂ
ಗಟ್ಟಿ ಅವಲಕ್ಕಿ – 90ರಿಂದ 100 ಗ್ರಾಂ
ಹಸಿ ತೆಂಗಿನ ತುರಿ, ಒತ್ತದೆ – 85ರಿಂದ 90 ಗ್ರಾಂ
ಕೊತ್ತಂಬರಿ ಬೀಜ – 75ರಿಂದ 85 ಗ್ರಾಂ
ಪುಡಿ ಉಪ್ಪು – 300 ಗ್ರಾಂ
ತುಪ್ಪ, ಎಣ್ಣೆ – 230 ಗ್ರಾಂ
ಹಾಲು – 257 ಗ್ರಾಂ
ಜೇನುತುಪ್ಪ – 355 ಗ್ರಾಂ

ಪೇಪರ್ ಅವಲಕ್ಕಿ ಹಾಗೂ ಪುಡಿ ಮಾಡಿದ ಬೆಲ್ಲಕ್ಕೆ ಅಂಕಿ ಕೊಟ್ಟಿಲ್ಲ. ಮೊದಲನೆಯದು ಕೈ ಮುಟ್ಟಿದರೆ ಕುಗ್ಗುತ್ತದೆ. ಎರಡನೆಯದರಲ್ಲಿ ಗಡ್ಡೆ ಎಷ್ಟು, ಪುಡಿ ಎಷ್ಟು ಎಂಬುದರ ಮೇಲೆ ತೂಕ ಬದಲಾಗುತ್ತದೆ. ಬೆಲ್ಲವನ್ನು ತೂಗಿಯೇ ಹಾಕುವುದು ಮೇಲು. ಹಿಟ್ಟುಗಳ ವಿಚಾರದಲ್ಲಿಯೂ ಜಾಗ್ರತೆ ಬೇಕು. ಡಬ್ಬಿಯ ತಳದಲ್ಲಿ ಅದುಮಿಕೊಂಡ ಹಿಟ್ಟಿಗೂ ಆಗಷ್ಟೇ ಜರಡಿ ಹಿಡಿದ ಹಿಟ್ಟಿಗೂ ಕಾಲು ಭಾಗದಷ್ಟು ವ್ಯತ್ಯಾಸ ಬರುವುದುಂಟು. ಅಕ್ಕಿ, ಬೇಳೆ, ಸಕ್ಕರೆಗಳಿಗೆ ಈ ತೊಂದರೆ ಇಲ್ಲ.

ಯಾವುದು ಕೆಡುತ್ತದೆ, ಯಾವುದು ಕೆಡುವುದಿಲ್ಲ

ಪಟ್ಟಿಯನ್ನು ಗಮನಿಸಿದರೆ ಅಕ್ಕಿ, ಬೇಳೆ, ಸಕ್ಕರೆ ಮೂರೂ ಹೆಚ್ಚುಕಡಿಮೆ ಒಂದೇ ಎಂದು ಕಾಣುತ್ತದೆ. ಆದ್ದರಿಂದ ಇವುಗಳ ನಡುವಿನ ಪ್ರಮಾಣವನ್ನು ಅಳತೆಯಲ್ಲಿ ಹೇಳಿದರೂ ತೂಕದಲ್ಲಿ ಹೇಳಿದರೂ ಅಡುಗೆ ಕೆಡುವುದಿಲ್ಲ. ದೋಸೆಗೆ ಮೂರು ಪಾವು ಅಕ್ಕಿ, ಒಂದು ಪಾವು ಉದ್ದಿನಬೇಳೆ ಎಂದಿದ್ದರೆ ಮೂರು ಕಿಲೋ, ಒಂದು ಕಿಲೋ ಎಂದರೂ ಹಿಟ್ಟು ಅದೇ. ಬಿಸಿಬೇಳೆ ಹುಳಿಯನ್ನಕ್ಕೂ ಇದೇ ಮಾತು. ಪೊಂಗಲ್ ಕೂಡ ಕ್ಷಮಿಸುತ್ತದೆ.

ಆದರೆ ಇಡ್ಲಿ ರವೆಯ ಇಡ್ಲಿ ಕ್ಷಮಿಸದು. ಎರಡು ಪಾವು ಇಡ್ಲಿ ರವೆಗೆ ಒಂದು ಪಾವು ಉದ್ದಿನಬೇಳೆ ಎಂದರೆ 350 ಗ್ರಾಂಗೆ 210 ಗ್ರಾಂ. ಅದನ್ನೇ ತೂಕದಲ್ಲಿ ಎರಡಕ್ಕೆ ಒಂದು ಎಂದು ತೆಗೆದುಕೊಂಡರೆ ಉದ್ದು 175 ಗ್ರಾಂ ಮಾತ್ರ ಬೀಳುತ್ತದೆ. ಆರನೆಯ ಒಂದು ಭಾಗ ಕಡಿಮೆಯಾಗಿ ಇಡ್ಲಿ ಗಟ್ಟಿಯಾಗುತ್ತದೆ. ದೆಹಲಿಯ ಚಳಿಯಲ್ಲಿ ಹಿಟ್ಟು ಹುದುಗುವುದೇ ಕಷ್ಟವಾಗಿರುವಾಗ ಹವೆಯನ್ನು ದೂರುವವರು ಒಮ್ಮೆ ಈ ಲೆಕ್ಕವನ್ನೂ ಪರೀಕ್ಷಿಸಬೇಕು. ಕೇಸರಿಬಾತಿನಲ್ಲಿ ರವೆಗೆ ಸಮ ಸಕ್ಕರೆ ಎಂದಿದ್ದರೆ ತೂಕದಲ್ಲಿ ಸಕ್ಕರೆ ಐದನೆಯ ಒಂದು ಭಾಗ ಹೆಚ್ಚಿರಬೇಕು. ಅನ್ನಕ್ಕೆ ಒಂದಕ್ಕೆ ಎರಡು ನೀರು ಎಂಬುದು ಅಳತೆಯ ಮಾತು. 205 ಗ್ರಾಂ ಅಕ್ಕಿಗೆ 500 ಗ್ರಾಂ ನೀರು, ತೂಕದಲ್ಲಿ ಸುಮಾರು ಎರಡೂವರೆ ಪಟ್ಟು. ಕಡಲೆಹಿಟ್ಟಿನ ಕಥೆಯನ್ನು ಆಗಲೇ ಹೇಳಿದ್ದೇನೆ.

ಉಪ್ಪಿನಕಾಯಿಯ ವಿಚಾರ ಇವೆಲ್ಲಕ್ಕಿಂತ ಗಂಭೀರ. ಅಲ್ಲಿ ಉಪ್ಪು ರುಚಿಗೆ ಮಾತ್ರವಲ್ಲ, ಕಾಯಿ ಕೊಳೆಯದಂತೆ ಕಾಪಾಡುವುದೂ ಅದೇ. ಹಳೆಯ ಟಿಪ್ಪಣಿಗಳ ಪಾವು ಉಪ್ಪು ಹರಳುಪ್ಪಿನದು. ಹರಳುಗಳ ನಡುವೆ ಸಂದು ಇರುವುದರಿಂದ ಅದೇ ಪಾವಿನಲ್ಲಿ ಹರಳುಪ್ಪು ಪುಡಿ ಉಪ್ಪಿಗಿಂತ ಕಡಿಮೆ ತೂಗುತ್ತದೆ. ಹರಳು ದಪ್ಪವಾದಷ್ಟೂ ವ್ಯತ್ಯಾಸ ಹೆಚ್ಚಬಹುದು. ಅದರ ಬದಲು ಪುಡಿ ಉಪ್ಪನ್ನು ಅಷ್ಟೇ ಅಳೆದು ಹಾಕಿದರೆ ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ. ಹೆದರಿ ಅಂದಾಜಿನಲ್ಲಿ ಕಡಿಮೆ ಮಾಡಿದರೆ ಜಾಡಿಗೆ ಬೂಷ್ಟು ಹಿಡಿಯುತ್ತದೆ. ಊರಿನ ಹರಳುಪ್ಪನ್ನು ಒಮ್ಮೆ ಅಳೆದು ತೂಗಿ, ಆ ತೂಕವನ್ನೇ ಪುಸ್ತಕದಲ್ಲಿ ಬರೆದುಕೊಂಡರೆ ಮುಂದೆ ಯಾವ ಉಪ್ಪು ಬಳಸಿದರೂ ಚಿಂತೆಯಿಲ್ಲ. ಐ.ಎನ್.ಎ. ಮಾರುಕಟ್ಟೆಯ ದಕ್ಷಿಣ ಭಾರತದ ಸಾಮಾನಿನ ಅಂಗಡಿಗಳಲ್ಲಿ ಹರಳುಪ್ಪನ್ನು ವಿಚಾರಿಸಬಹುದು.

ನೂರು ಜನರ ಊಟಕ್ಕೆ

ಮನೆಯ ಅಡುಗೆಯಲ್ಲಿ ತಪ್ಪಿದರೆ ನಾಲ್ಕು ಜನಕ್ಕೆ ತೊಂದರೆ. ಹಬ್ಬದ ಸಂತರ್ಪಣೆಯಲ್ಲಿ ತಪ್ಪಿದರೆ ಸಂಘದ ಖಜಾನೆಗೆ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಕನ್ನಡಿಗರೆಲ್ಲ ಸೇರಿ ರಾಜ್ಯೋತ್ಸವ ಮಾಡಿದಾಗ ಸಾಮಾನಿನ ಪಟ್ಟಿ ಬರೆಯುವ ಹೊಣೆ ನನ್ನದಾಗಿತ್ತು. ಊರಿನಲ್ಲಿ ದೊಡ್ಡ ಅಡುಗೆಗಳನ್ನು ಮಾಡಿಸಿದ ಹಿರಿಯರೊಬ್ಬರು ಲೆಕ್ಕ ಹೇಳಿದರು: ಹತ್ತು ಸೇರು ಅಕ್ಕಿ, ಆರು ಸೇರು ತೊಗರಿಬೇಳೆ, ಬೆಳಗಿನ ತಿಂಡಿಗೆ ಹತ್ತು ಸೇರು ಗಟ್ಟಿ ಅವಲಕ್ಕಿ. ಸೇರೆಂದರೆ ಕಿಲೋ ಎಂದು ನಾನು ಬರೆದುಕೊಟ್ಟೆ. ಅಕ್ಕಿ ಬೇಕಿದ್ದುದು ಸುಮಾರು 8.2 ಕಿಲೋ, ಬಂದದ್ದು ಹತ್ತು. ಬೇಳೆಯೂ ಅದೇ ಪ್ರಮಾಣದಲ್ಲಿ ಹೆಚ್ಚಾದ್ದರಿಂದ ರುಚಿ ಕೆಡಲಿಲ್ಲ, ಒಂದಿಷ್ಟು ಅನ್ನ ಉಳಿಯಿತಷ್ಟೇ. ಅವಲಕ್ಕಿ ಬೇಕಿದ್ದುದು ನಾಲ್ಕು ಕಿಲೋಗೂ ಕಡಿಮೆ. ಉಳಿದ ಆರು ಕಿಲೋ ಅವಲಕ್ಕಿಯನ್ನು ಮನೆಮನೆಗೆ ಹಂಚಿದೆವು. ಅದನ್ನು ಈಗಲೂ ನನಗೆ ನೆನಪಿಸುವವರಿದ್ದಾರೆ.

ಹಗುರವಾದ ಪದಾರ್ಥಗಳಲ್ಲಿ ತಪ್ಪು ಹೀಗೆ ಬೆಳೆಯುತ್ತದೆ. ಕಡಲೆಪುರಿಯನ್ನು ಊರಿನಲ್ಲಿ ಇಂದಿಗೂ ಸೇರಿನ ಲೆಕ್ಕದಲ್ಲಿ ಮಾರುವುದು ಇದಕ್ಕಾಗಿಯೇ ಇರಬೇಕು. ಒಂದು ಲೀಟರ್ ಪುರಿ ನೂರು ಗ್ರಾಂ ಕೂಡ ತೂಗುವುದಿಲ್ಲ. ಕಿಲೋ ಲೆಕ್ಕದಲ್ಲಿ ತರಿಸಿದರೆ ಮೂಟೆ ಬರುತ್ತದೆ.

ಇನ್ನು ಕಪ್ಪುಗಳ ವಿಚಾರ. ಹೊರದೇಶದಲ್ಲಿರುವ ಮಕ್ಕಳು ಕಳಿಸುವ ಪಾಕವಿಧಾನಗಳಲ್ಲಿ ಕಪ್ಪಿನ ಲೆಕ್ಕವಿರುತ್ತದೆ. ಅಮೆರಿಕದ ಕಪ್ಪು ಸುಮಾರು 237 ಮಿ.ಲೀ., ಆಸ್ಟ್ರೇಲಿಯದ್ದು 250, ಜಪಾನಿನದು 200. ವಿದ್ಯುತ್ ರೈಸ್ ಕುಕ್ಕರಿನ ಜೊತೆ ಬರುವ ಚಿಕ್ಕ ಕಪ್ಪು ಸಾಮಾನ್ಯವಾಗಿ 180 ಮಿ.ಲೀ.; ಅದನ್ನು ಪಾವಿನ ಬದಲು ಬಳಸುವವರು ಕಾಲು ಭಾಗಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾರೆ. ಚಹಾ ಚಮಚ 5 ಮಿ.ಲೀ.; ಅದರಲ್ಲಿ ಪುಡಿ ಉಪ್ಪು 6 ಗ್ರಾಂ, ಸಕ್ಕರೆ 4 ಗ್ರಾಂ, ಅರಿಸಿನ 3 ಗ್ರಾಂ.

ಎಣ್ಣೆಯ ಪೊಟ್ಟಣದ ಮೇಲೆ ಲೀಟರ್ ಎಂದಿದ್ದರೆ ಅದು ಸುಮಾರು 910 ಗ್ರಾಂ, ಒಂದು ಕಿಲೋ ಅಲ್ಲ. ಎಣ್ಣೆ ಬಿಸಿಯಾದಾಗ ಹಿಗ್ಗುವುದರಿಂದ ಇಲ್ಲಿಯೂ ಒಂದು ಸೂಕ್ಷ್ಮವಿದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಸುಮಾರು 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 893 ಗ್ರಾಂ ಮಾತ್ರ. ಕೆಲವು ತಯಾರಕರು 60 ಡಿಗ್ರಿಯ ಲೀಟರನ್ನು ಮುದ್ರಿಸುತ್ತಿದ್ದುದರಿಂದ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಆಗಸ್ಟಿನಲ್ಲಿ, ತಾಪಮಾನವನ್ನು ನಮೂದಿಸದೆ ಗಾತ್ರದ ಜೊತೆಗೆ ತೂಕವನ್ನೂ ಸರಿಯಾಗಿ ಮುದ್ರಿಸಬೇಕೆಂದು ಸೂಚಿಸಿತು. ಪೊಟ್ಟಣ ಕೊಳ್ಳುವಾಗ ಗ್ರಾಂ ಅಂಕಿಯನ್ನು ಓದಿರಿ.

ತಾಯಿಯ ಪುಸ್ತಕದ ಮೈಸೂರುಪಾಕಿನ ಸಾಲಿನ ಪಕ್ಕದಲ್ಲಿ ನಾನು ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದೇನೆ: ನಮ್ಮ ಪಾವು 268 ಮಿ.ಲೀ.; ಹಿಟ್ಟು 125 ಗ್ರಾಂ, ಸಕ್ಕರೆ 450, ತುಪ್ಪ 490. ಅವರ ಅಕ್ಷರವನ್ನು ತಿದ್ದಿಲ್ಲ.